ಗೋಕರ್ಣದ ಮರಳು, ತುಮರಿಯ ಮಣ್ಣು: ಎರಡೂ ಕಡೆ ನಾಲ್ಕು ನಾಲ್ಕು ದಿನ ನಡೆದು ನೋಡಿದೆವು

"ನಾಲ್ಕು ದಿನ ಸುಮ್ನೆ ನಡೆದು ಬರೋಣ" ಅಂತ ಅತ್ತಿಗೆ ಹೇಳಿದ್ದು ದೀಪಾವಳಿ ಹೊತ್ತಿಗೆ. ಎಲ್ಲಿಗೆ ಅಂತ ಕೇಳಿದ್ದೇ ತಪ್ಪಾಯಿತು. ಅವರಿಗೆ ಸಮುದ್ರ ಬೇಕು, ನನಗೆ ತೋಟ, ಕಾನು, ನೆರಳು ಬೇಕು. ಸಾಗರದಲ್ಲಿ ಇರುವವರಿಗೆ ಎರಡೂ ಕಷ್ಟವಲ್ಲ. ಜೋಗ ದಾಟಿ ಗೇರುಸೊಪ್ಪೆ ಘಾಟಿ ಇಳಿದರೆ ಹೊನ್ನಾವರ, ಅಲ್ಲಿಂದ ಕುಮಟಾ, ಗೋಕರ್ಣ. ಇನ್ನೊಂದು ಬಸ್ಸು ಹತ್ತಿದರೆ ಹೊಳೆಬಾಗಿಲು, ಶರಾವತಿ ಹಿನ್ನೀರು, ಆಚೆಗೆ ತುಮರಿ. ಮನೆಯವರು ನಮ್ಮಿಬ್ಬರ ವಾದ ಕೇಳಿ ಕೇಳಿ ಸಾಕಾಗಿ, "ಎರಡಕ್ಕೂ ಹೋಗಿ ಬನ್ನಿ, ನಾನು ಅನ್ನ ಮಾಡ್ಕೊಳ್ತೇನೆ" ಅಂದರು. ಹಾಗೆ ಡಿಸೆಂಬರ್ ಮೊದಲ ವಾರ ಕರಾವಳಿ, ಜನವರಿ ಕೊನೆಗೆ ಮಲೆನಾಡು ಅಂತ ಆಯಿತು.

ಮೊದಲೇ ಹೇಳಿಬಿಡುತ್ತೇನೆ. ಅತ್ತಿಗೆಗೆ ಐವತ್ತೆಂಟು, ನನಗೆ ನಲವತ್ತೊಂಬತ್ತು. ಟ್ರೆಕ್ಕಿಂಗ್ ಅನ್ನುವುದು ಇಬ್ಬರಿಗೂ ಗೊತ್ತಿಲ್ಲ. ತೋಟಕ್ಕೆ ಇಳಿದು ಹತ್ತಿ ರೂಢಿಯಾದ ಕಾಲು, ಅಷ್ಟೇ. ಎರಡು ಸಲವೂ ಅದೇ ಚೀಲ, ಅದೇ ಶೂ. ಹಾಗಾಗಿ ಹೋಲಿಕೆ ಮಟ್ಟಿಗೆ ಮೋಸ ಇಲ್ಲ.

ಕರಾವಳಿಯ ದಾರಿ ಗೋಕರ್ಣದಿಂದ ಕುಮಟಾಕ್ಕೆ. ಊರಿನ ಕಡಲತೀರದ ದಕ್ಷಿಣದ ತುದಿಯಲ್ಲಿ ಗುಡ್ಡ ಹತ್ತಿದರೆ ಕುಡ್ಲೆ, ಮತ್ತೆ ಹತ್ತಿ ಇಳಿದರೆ ಓಂ, ಆಮೇಲೆ ಹಾಫ್ ಮೂನ್, ಪ್ಯಾರಡೈಸ್, ಬೇಲೆಕಾನ, ತದಡಿ. ತದಡಿಯಲ್ಲಿ ಬಾರ್ಜ್ ಹತ್ತಿ ಅಘನಾಶಿನಿ ನದಿ ದಾಟಬೇಕು. ಆಚೆ ದಡದಲ್ಲಿ ಅಘನಾಶಿನಿ ಊರು. ಅಲ್ಲಿಂದ ಕಾಗಾಲ, ಕಡ್ಲೆ, ವನ್ನಳ್ಳಿ ದಾಟಿ ಕುಮಟಾ.

ಸಮುದ್ರದ ದಾರಿ ಸಪಾಟು ಅಂತ ನಾವು ಅಂದುಕೊಂಡಿದ್ದೆವು. ಅದು ಶುದ್ಧ ಸುಳ್ಳು. ಒಂದು ಬೀಚಿನಿಂದ ಇನ್ನೊಂದಕ್ಕೆ ಹೋಗಲು ಕೆಂಪು ಕಲ್ಲಿನ ಗುಡ್ಡ ಹತ್ತಲೇಬೇಕು. ನಮ್ಮ ಕಡೆ ಜಂಬಿಟ್ಟಿಗೆ ಅನ್ನುತ್ತೇವಲ್ಲ, ಅದೇ ಕಲ್ಲು. ಮೇಲೆ ಸಣ್ಣ ಹರಳು ಹರಡಿಕೊಂಡು ಶೂ ಜಾರುತ್ತದೆ. ಹಾಫ್ ಮೂನ್ ಕಡೆ ಹೋಗುವಾಗ ಬಲಕ್ಕೆ ಸೀದಾ ಕೆಳಗೆ ಸಮುದ್ರ. ಸಂಜೆ ಕತ್ತಲಾದ ಮೇಲೆ ಆ ದಾರಿಗೆ ಕಾಲಿಡಬೇಡಿ.

ಗುಡ್ಡಕ್ಕಿಂತ ಕಾಡಿದ್ದು ಮರಳು. ತೀರ ನೀರಿನ ಕಡೆ ವಾಲಿಕೊಂಡಿರುತ್ತದೆ. ನಾವು ಉತ್ತರದಿಂದ ದಕ್ಷಿಣಕ್ಕೆ ನಡೆಯುತ್ತಿದ್ದುದರಿಂದ ಸಮುದ್ರ ಸದಾ ಬಲಕ್ಕೆ. ಅಂದರೆ ಬಲಗಾಲು ಯಾವಾಗಲೂ ತಗ್ಗಿನಲ್ಲಿ, ಎಡಗಾಲು ಎತ್ತರದಲ್ಲಿ. ಎರಡನೇ ದಿನ ಸಂಜೆಗೆ ಇಬ್ಬರಿಗೂ ಸೊಂಟದ ಒಂದೇ ಬದಿ ಹಿಡಿದುಕೊಂಡಿತ್ತು. ಮೇಲೆ ಒಣಮರಳಲ್ಲಿ ನಡೆದರೆ ಕಾಲು ಹೂತುಹೋಗುತ್ತದೆ, ಮೂರು ಹೆಜ್ಜೆ ಇಟ್ಟರೆ ಎರಡು ಹೆಜ್ಜೆ ಲೆಕ್ಕ. ಗಟ್ಟಿ ನೆಲ ಸಿಗುವುದು ನೀರು ಇಳಿದಾಗ, ಒದ್ದೆ ಮರಳಿನ ಪಟ್ಟಿಯಲ್ಲಿ ಮಾತ್ರ.

ಹಾಗಾಗಿ ಅಲ್ಲಿ ಗಡಿಯಾರ ನೋಡಿ ಪ್ರಯೋಜನ ಇಲ್ಲ, ಉಬ್ಬರ ಇಳಿತ ನೋಡಬೇಕು. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಹೊತ್ತು ದಿನಾ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಹೊತ್ತಿಗೆ ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ನಮಗೆ ಇದು ಗೊತ್ತಾಗಿದ್ದು ಬಂಡೆ ಸುತ್ತಿ ಹೋಗುವ ಒಂದು ಜಾಗದಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತ ಮೇಲೆ. ದೋಣಿ ಹತ್ತಿರ ಬಲೆ ಹೊಲಿಯುತ್ತಿದ್ದ ಅಜ್ಜ ಒಬ್ಬರು ನೋಡಿ ನಕ್ಕರು. "ಈಗ ಭರತ, ತಂಗಿ. ಚಾ ಕುಡ್ಕಂಡು ಬನ್ನಿ, ನೀರೇ ದಾರಿ ಬಿಡ್ತದೆ." ಭರತ ಅಂದರೆ ಅಲ್ಲಿ ಉಬ್ಬರ. ನಾಲ್ಕು ದಿನದಲ್ಲಿ ಕೇಳಿದ ಒಳ್ಳೆಯ ಸಲಹೆ ಅದೇ.

ಇಷ್ಟು ದೂರಿದರೂ ಒಂದು ಜಾಗದ ಬಗ್ಗೆ ನನಗೆ ಎದುರು ಮಾತಿಲ್ಲ. ಅದು ತದಡಿ ದಾಟಿದ ಮೇಲಿನ ಅಘನಾಶಿನಿ. ಗೋಕರ್ಣದ ಗದ್ದಲ ಬಾರ್ಜ್ ಹತ್ತುವುದಿಲ್ಲ, ಆಚೆ ದಡದಲ್ಲೇ ಉಳಿಯುತ್ತದೆ. ಈ ನದಿಗೆ ಎಲ್ಲೂ ದೊಡ್ಡ ಅಣೆಕಟ್ಟು ಇಲ್ಲ. ಶಿರಸಿ ಕಡೆಯಿಂದ ಇಳಿದು, ಉಂಚಳ್ಳಿಯಲ್ಲಿ ಧುಮುಕಿ, ಹಾಗೇ ಬಂದು ಸಮುದ್ರ ಸೇರುತ್ತದೆ. ಶರಾವತಿ ತೀರದವರಾದ ನಮಗೆ ಅದನ್ನು ನೋಡಿದರೆ ಸ್ವಲ್ಪ ಹೊಟ್ಟೆಕಿಚ್ಚು. ಅಳಿವೆಯಲ್ಲಿ ನೀರು ಇಳಿದಾಗ ಹೆಂಗಸರು ಸೊಂಟದವರೆಗೆ ನೀರಿನಲ್ಲಿ ನಿಂತು ಚಿಪ್ಪು ಹೆಕ್ಕುತ್ತಿದ್ದರು. ಒಳಗಡೆ ಗಜನಿ, ಅಂದರೆ ಅಳಿವೆಯ ಉಪ್ಪುನೀರು ನುಗ್ಗುವ ತಗ್ಗಿನ ಗದ್ದೆಗಳು. ಉಪ್ಪುನೀರು ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುವುದು ಅಲ್ಲೇ. ಅತ್ತಿಗೆ ಗದ್ದೆ ಬದುವಿನ ಮೇಲೆ ಕೂತು ಒಂದು ಗಂಟೆ ಏಳಲೇ ಇಲ್ಲ.

ಆ ರಾತ್ರಿಯೇ ಎಡವಟ್ಟಾಗಿದ್ದು. ಫೋನಿನಲ್ಲಿ ಮಾತಾಡಿ, ಮುಂಗಡ ಹಾಕಿ ಕಾದಿರಿಸಿದ್ದ ಕೋಣೆಯನ್ನು ಬೇರೆಯವರಿಗೆ ಕೊಟ್ಟುಬಿಟ್ಟಿದ್ದರು. "ನೀವು ಬರೋದು ಡೌಟು ಅಂದ್ಕೊಂಡೆ" ಎಂಬ ಸಮಜಾಯಿಷಿ ಬೇರೆ. ಕತ್ತಲಲ್ಲಿ ಆಟೋ ಹಿಡಿದು ಕುಮಟಾಕ್ಕೆ ಹೋಗಿ ಮಲಗಿದೆವು. ಬೆಳಗ್ಗೆ ಮತ್ತೆ ಅದೇ ಜಾಗಕ್ಕೆ ಬಂದು ನಡಿಗೆ ಮುಂದುವರಿಸಿದೆವು. ಮುಂಗಡ ಇನ್ನೂ ವಾಪಸ್ ಬಂದಿಲ್ಲ.

ಇನ್ನು ಮಲೆನಾಡಿನ ದಾರಿ. ಹೊಳೆಬಾಗಿಲಿನಿಂದ ಹಿನ್ನೀರು ದಾಟಿ ಕಳಸವಳ್ಳಿ, ತುಮರಿ, ಬ್ಯಾಕೋಡು, ಮರಕುಟುಕ, ಕೊಡಚಾದ್ರಿ, ಕೊನೆಗೆ ಕೊಲ್ಲೂರು. ಮೊದಲಾದರೆ ಈ ನಡಿಗೆ ಲಾಂಚಿನಲ್ಲಿ ಶುರುವಾಗಬೇಕಿತ್ತು. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ ಮೇಲೆ ತುಮರಿ ಇರುವ ಕರೂರು ಹೋಬಳಿಗೆ ನೀರೇ ಬೇಲಿಯಾಯಿತು. ಮದುವೆ ದಿಬ್ಬಣ ಲಾಂಚಿಗೆ ಕಾಯುತ್ತಾ ಮುಹೂರ್ತ ನೋಡಿಕೊಳ್ಳುತ್ತಿದ್ದುದನ್ನು ನಾನೇ ಕಂಡಿದ್ದೇನೆ. 2025ರ ಜುಲೈನಲ್ಲಿ ಸೇತುವೆ ಆಯಿತು. ಉದ್ದ ಸುಮಾರು 2.4 ಕಿಲೋಮೀಟರ್. ಬೆಳಗ್ಗೆ ಏಳಕ್ಕೆ ಮಂಜಿನಲ್ಲಿ ಅದರ ಮೇಲೆ ನಡೆದೆವು. ಮುಂದೆಯೂ ಕಾಣದು, ಹಿಂದೆಯೂ ಕಾಣದು. ಹತ್ತು ಗಂಟೆ ಮೇಲಾದರೆ ನೆರಳಿಲ್ಲ, ಸಿಗಂದೂರಿಗೆ ಹೋಗುವ ಕಾರುಗಳ ಸಾಲು ಬೇರೆ. ಹಾಗಾಗಿ ಬೇಗ ದಾಟಿಕೊಳ್ಳಿ.

ಟಾರು ರಸ್ತೆ ಬಿಟ್ಟು ಕಾಲುದಾರಿಗೆ ಇಳಿದ ಮೇಲೆ ನಿಜವಾದ ವ್ಯತ್ಯಾಸ ಗೊತ್ತಾಯಿತು. ಕಡಲತೀರದ ದಾರಿ ಜನರ ಮನೆಗಳ ಹೊರಗಿನಿಂದ ಹೋಗುತ್ತದೆ. ಇಲ್ಲಿ ದಾರಿ ಮನೆಯ ಅಂಗಳದಲ್ಲೇ ಹಾದು ಹೋಗುತ್ತದೆ. ಬೇಲಿಯ ಬಾಗಿಲಿಗೆ ಅಡ್ಡ ಹಾಕಿದ ಉಣುಗೋಲು ಸರಿಸಬೇಕು, ಮತ್ತೆ ಹಾಕಬೇಕು. ನಾಯಿ ಬೊಗಳುತ್ತದೆ. ಒಳಗಿನಿಂದ ಯಾರೋ ಬಂದು "ಯಾವೂರಾತು? ಯಾರ ಮನೆ?" ಅಂತ ಕೇಳುತ್ತಾರೆ. ಅತ್ತಿಗೆ ತವರಿನ ಹೆಸರು ಹೇಳುತ್ತಾರೆ. ಐದು ನಿಮಿಷದಲ್ಲಿ ಎಲ್ಲೋ ಒಂದು ನೆಂಟಸ್ತಿಕೆ ಸಿಕ್ಕಿಬಿಡುತ್ತದೆ. "ಆಸರಿಗೆ ಎಂತ ಬೇಕು?" ಅಂತ ಮುಂದಿನ ಪ್ರಶ್ನೆ. ಮೊದಲ ದಿನ ಒಂದೇ ಬೆಳಗಿನಲ್ಲಿ ಮೂರು ಮನೆಯಲ್ಲಿ ಮಜ್ಜಿಗೆ, ಎರಡು ಮನೆಯಲ್ಲಿ ಕಷಾಯ, ಒಂದು ಕಡೆ ಮುರುಗಲು ಪಾನಕ. ನಡೆದಿದ್ದಕ್ಕಿಂತ ಕೂತಿದ್ದೇ ಜಾಸ್ತಿ. ಬೇಗ ಬೇಗ ಹೋಗಬೇಕು ಅನ್ನುವವರಿಗೆ ಇದು ಕಿರಿಕಿರಿಯೇ. ನನಗೂ ಎರಡನೇ ದಿನ ಸ್ವಲ್ಪ ಹಾಗೆ ಅನಿಸಿತು.

ದಾರಿ ಕೇಳುವುದರಲ್ಲೂ ಹುಷಾರು. ಮಲೆನಾಡಿನಲ್ಲಿ "ಇಲ್ಲೇ ಹತ್ರ" ಅಂದರೆ ಕಡಿಮೆ ಅಂದರೂ ಒಂದು ಗಂಟೆ. "ಸ್ವಲ್ಪ ದೂರ ಆಗ್ತು" ಅಂದರೆ ಬಸ್ಸಿಗೆ ಕಾಯುವುದು ಒಳ್ಳೆಯದು. ನಾವೂ ಬ್ಯಾಕೋಡು ದಾಟಿದ ಮೇಲೆ ಒಂದು ತುಂಡು ಬಸ್ಸಿನಲ್ಲೇ ಹೋದೆವು. ಫೋನಿನ ನಕ್ಷೆ ಮೊದಲೇ ಇಳಿಸಿಕೊಂಡಿರಿ. ಸಿಗ್ನಲ್ ಇದ್ದಕ್ಕಿದ್ದಂತೆ ಮಾಯವಾಗುತ್ತದೆ.

ಜನವರಿ ಅಂದರೆ ಅಡಿಕೆ ಸುಗ್ಗಿ. ಯಾವ ಮನೆಗೆ ಹೋದರೂ ಹಂಡೆಯಲ್ಲಿ ಅಡಿಕೆ ಬೇಯುತ್ತಿತ್ತು. ಅಡಿಕೆ ಬೇಯಿಸಿದ ಕೆಂಪು ನೀರು, ಚೊಗರು, ಅದರ ವಾಸನೆ ನಾಲ್ಕು ದಿನವೂ ಜೊತೆಗೇ ಬಂತು. ಪರಿಚಯದವರ ಮೂಲಕ ಹೇಳಿಸಿ ಉಳಿದುಕೊಂಡ ಮನೆಯಲ್ಲಿ ರಾತ್ರಿ ಊಟ ಆದ ಮೇಲೆ ಎಲ್ಲರೂ ಮೆಟ್ಟುಗತ್ತಿ ಹಿಡಿದು ಅಡಿಕೆ ಸುಲಿಯಲು ಕೂತರು. ನೆಂಟರು ಅಂತ ನಾವು ಸುಮ್ಮನೆ ಕೂರಲು ಆಗುತ್ತದೆಯೇ? ಹನ್ನೊಂದು ಗಂಟೆವರೆಗೆ ನಾವೂ ಸುಲಿದೆವು. ಕೈ ಕಪ್ಪಾಯಿತು, ಊರಿನ ಸುದ್ದಿಯೆಲ್ಲ ಕಿವಿಗೆ ಬಿತ್ತು. ದುಡ್ಡು ಕೊಡಲು ಹೋದರೆ ಬೈದರು. ಕೊನೆಗೆ ಮಕ್ಕಳ ಕೈಗೆ ಇಟ್ಟು ಬಂದೆವು. ಹೊರಡುವಾಗ ಅಪ್ಪೆಮಿಡಿ ಉಪ್ಪಿನಕಾಯಿಯ ಬಾಟಲಿ ನಮ್ಮ ಚೀಲದಲ್ಲಿತ್ತು. ಬೆನ್ನಿಗೆ ಅರ್ಧ ಕೆಜಿ ಭಾರ ಜಾಸ್ತಿ, ಆದರೆ ಯಾರು ಬೇಡ ಅನ್ನುತ್ತಾರೆ!

ಮಲೆನಾಡು ಅಂದರೆ ಎಲ್ಲರೂ ಉಂಬಳ ಉಂಬಳ ಅಂತ ಹೆದರುತ್ತಾರೆ. ಉಂಬಳ, ಅಂದರೆ ರಕ್ತ ಹೀರುವ ಜಿಗಣೆ, ಮಳೆಗಾಲದ ಪ್ರಾಣಿ. ಜನವರಿಯಲ್ಲಿ ನಮಗೆ ಒಂದೂ ಹತ್ತಲಿಲ್ಲ. ಆ ಹೊತ್ತಿನಲ್ಲಿ ನಿಜವಾಗಿ ಹೆದರಬೇಕಾದ್ದು ಉಣುಗಿಗೆ, ಅಂದರೆ ದನಕರುಗಳ ಮೈಗೆ ಹತ್ತುವ ಉಣ್ಣೆಗೆ. ಮಂಗನ ಕಾಯಿಲೆ ಹರಡುವುದು ಅದರಿಂದ. ಆ ಕಾಯಿಲೆ 1957ರಲ್ಲಿ ಮೊದಲು ಗೊತ್ತಾಗಿದ್ದೇ ನಮ್ಮ ಸೊರಬ ಸೀಮೆಯ ಕ್ಯಾಸನೂರು ಕಾಡಿನಲ್ಲಿ. 2019ರ ಹೊತ್ತಿಗೆ ನಮ್ಮ ತಾಲೂಕಿನ ಅರಳಗೋಡು ಭಾಗದಲ್ಲಿ ಎಷ್ಟು ಮನೆಯವರು ಅತ್ತರು ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಡಿಸೆಂಬರಿನಿಂದ ಮೇ ತನಕ ಅದರ ಕಾಲ. ನಡೆಯುವುದಕ್ಕೆ ಹಿತವಾದ ತಿಂಗಳುಗಳೂ ಅವೇ ಅಲ್ವಾ, ಅದೇ ತೊಂದರೆ. ನಾವು ಹೊರಡುವ ಮೊದಲು ಆಯಾ ಊರಿನ ಆಶಾ ಕಾರ್ಯಕರ್ತೆಯರ ಹತ್ತಿರ ವಿಚಾರಿಸಿಕೊಂಡೆವು. ಉಣುಗು ಹತ್ತದಂತೆ ಡೆಪಾ ಎಣ್ಣೆ ಕೈಕಾಲಿಗೆ ಹಚ್ಚಿಕೊಂಡೆವು. ಪ್ಯಾಂಟಿನ ತುದಿ ಕಾಲುಚೀಲದೊಳಗೆ ತುರುಕಿಕೊಂಡೆವು. ಒಣಗಿ ಬಿದ್ದ ದರಗೆಲೆ ಮೇಲೆ ಕೂರಲಿಲ್ಲ. ಸಂಜೆ ಬಿಸಿನೀರಿನಲ್ಲಿ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿದೆವು. ಮಂಗ ಸತ್ತಿದೆ ಅಂತ ಕೇಳಿದರೆ ಆ ಕಡೆಯ ಕಾಡಿಗೆ ಕಾಲಿಡಬೇಡಿ. ಈ ಒಂದು ವಿಷಯದಲ್ಲಿ ಕರಾವಳಿಯೇ ಮೇಲು, ಅನುಮಾನವೇ ಇಲ್ಲ.

ಕೊಡಚಾದ್ರಿ ಮೂರನೇ ದಿನ. 1343 ಮೀಟರ್ ಎತ್ತರ. ಹತ್ತುವ ಮೊದಲು ಅರಣ್ಯ ಇಲಾಖೆಯ ಅನುಮತಿ ಮಾಡಿಸಿಕೊಳ್ಳಬೇಕು. ಕಟ್ಟಿನಹೊಳೆಯಿಂದ ಮೇಲಕ್ಕೆ ಜೀಪುದಾರಿ ಇದೆ. ಆ ದಾರಿಯಲ್ಲಿ ನಡೆದರೆ ಮೈಯೆಲ್ಲ ಕೆಂಪು ಧೂಳು, ಜೀಪಿನಲ್ಲಿ ಹೋದರೆ ಕರುಳೆಲ್ಲ ಬಾಯಿಗೆ. ಇಬ್ಬರೂ ನಡೆದೆವು. ಮೇಲೆ ಮೂಲ ಮೂಕಾಂಬಿಕೆ ಗುಡಿ, ಮುಂದೆ ಎತ್ತರದ ಕಬ್ಬಿಣದ ಕಂಬ. ಅಲ್ಲಿಂದ ಸರ್ವಜ್ಞ ಪೀಠಕ್ಕೆ ಇನ್ನೊಂದು ಏರು. ಹುಲ್ಲುಗುಡ್ಡದ ಆ ಏರಿನಲ್ಲಿ ಅತ್ತಿಗೆ ನನಗಿಂತ ಮುಂದಿದ್ದರು. ಸಮುದ್ರ ಬೇಕು ಅಂತ ಹಟ ಹಿಡಿದವರಿಗೆ ಅಲ್ಲಿ ಸಮುದ್ರವೇ ಕಂಡಿತು. ಪಶ್ಚಿಮಕ್ಕೆ, ಮಬ್ಬಿನ ಆಚೆ, ಬೆಳ್ಳಿಯ ಒಂದು ಗೆರೆ. "ನೋಡು, ಇಲ್ಲಿಂದ ನೋಡಿದ್ರೆ ಸೊಂಟ ನೋಯೋದಿಲ್ಲ" ಅಂದರು.

ಇಳಿಯುವಾಗ ಮಾತ್ರ ಮಂಡಿ ಮಾತಾಡಿತು. ಕರಾವಳಿ ಸೊಂಟ ಹಿಡಿಯುತ್ತದೆ, ಮಲೆನಾಡು ಮಂಡಿ ಹಿಡಿಯುತ್ತದೆ. ನಿಮ್ಮದು ಯಾವುದು ಗಟ್ಟಿ ಇದೆ ನೋಡಿಕೊಳ್ಳಿ. ನಾಲ್ಕನೇ ದಿನ ನಾಗೋಡಿ ಕಡೆಯಿಂದ ಕೊಲ್ಲೂರಿಗೆ ಹೋದೆವು. ಅದು ಬರೀ ರಸ್ತೆ, ಹೇಳುವಂಥದ್ದೇನೂ ಇಲ್ಲ.

ಖರ್ಚು ಕರಾವಳಿಯಲ್ಲಿ ಸುಮಾರು ಎರಡರಷ್ಟಾಯಿತು. ಕೋಣೆ, ಊಟ, ನೀರಿನ ಬಾಟಲಿ, ಎಳನೀರು ಎಲ್ಲಕ್ಕೂ ದುಡ್ಡು. ನೀರಂತೂ ತಲೆಗೆ ಮೂರು ಲೀಟರ್ ಸಾಲದು, ಅಷ್ಟು ಬೆವರು. ಮಲೆನಾಡಿನಲ್ಲಿ ಗುಡ್ಡದಿಂದ ಹರಿದು ಬರುವ ಅಬ್ಬಿ ನೀರು ಬೇಕಾದಷ್ಟು. ಆದರೆ ಊಟದ ರುಚಿಯಲ್ಲಿ ಅಂಕ ಕೊಡಲು ನಾನು ಹೋಗುವುದಿಲ್ಲ. ಮೀನು ತಿನ್ನುವವರು ಕುಮಟಾಕ್ಕೆ ಹೋಗಿ, ತಂಬುಳಿ ಬೇಕಾದವರು ಈ ಕಡೆ ಬನ್ನಿ.

ಹೆಂಗಸರಿಬ್ಬರೇ ಹೋಗುವುದರ ಬಗ್ಗೆ ಬಹಳ ಜನ ಕೇಳಿದರು. ಕರಾವಳಿಯಲ್ಲಿ ಹಗಲು ಏನೂ ಅನಿಸಲಿಲ್ಲ. ಸಂಜೆ ಒಂದೆರಡು ತೀರದಲ್ಲಿ ಕುಡಿದವರ ಗುಂಪು ಇತ್ತು, ಬೇಗ ಬೇಗ ದಾಟಿದೆವು. ತುಮರಿ ಕಡೆ ಆ ಯೋಚನೆಯೇ ಬರಲಿಲ್ಲ. ಒಂದು ಮನೆಯವರು ಮುಂದಿನ ಮನೆಗೆ ಕೂಗಿ ಹೇಳುತ್ತಿದ್ದರು. ಅದರ ಬದಲಿಗೆ ಒಬ್ಬರೇ ಕೂರುವ ಸುಖ ಅಲ್ಲಿ ಸಿಗುವುದಿಲ್ಲ. ಯಾರ ಜೊತೆಗೂ ಮಾತು ಬೇಡ ಅನಿಸಿದವರಿಗೆ ಸಮುದ್ರವೇ ಸರಿ. ಅದು ನೀವು ಯಾರ ಮನೆಯವರು ಅಂತ ಕೇಳುವುದಿಲ್ಲ.

ಚೀಲ ಹೊತ್ತು ದಿನಾ ಊರು ಬದಲಿಸುವುದು ಆಗದು ಅನ್ನುವವರಿಗೆ ತೀರ್ಥಹಳ್ಳಿ ಇದೆ. ಹೋದ ವರ್ಷ ಮಕ್ಕಳ ಜೊತೆ ಮೂರು ದಿನ ಇದ್ದೆ. ಒಂದೇ ಕಡೆ ಉಳಿದುಕೊಂಡು, ಒಂದು ದಿನ ಗದ್ದೆ ಬಯಲು ದಾಟಿ ಕವಲೇದುರ್ಗದ ಕೋಟೆ, ಒಂದು ದಿನ ಕುಪ್ಪಳಿಯ ಕವಿಮನೆ ಮತ್ತು ಕವಿಶೈಲ, ಇನ್ನೊಂದು ದಿನ ಕುಂದಾದ್ರಿ. ಹಗುರಾದ ನಡಿಗೆ, ರಾತ್ರಿ ಅದೇ ಹಾಸಿಗೆ. ಆದರೆ ದಿನಾ ಸಂಜೆ ಹೊರಟ ಜಾಗಕ್ಕೇ ವಾಪಸ್ ಬರುವುದು ನನಗೆ ಅಷ್ಟು ಹಿಡಿಸಲಿಲ್ಲ. ನಡೆದು ಎಲ್ಲೋ ತಲುಪಿದೆ ಅನ್ನುವ ಖುಷಿ ಅದರಲ್ಲಿ ಇಲ್ಲ.

ಮುಂದಿನ ನವೆಂಬರಿಗೆ ನಾನು ತುಮರಿ ಅಂತ ಹೇಳಿದ್ದೇನೆ. ಉಣುಗಿನ ಕಾಲ ಶುರುವಾಗುವ ಮೊದಲೇ ಮುಗಿಸಿಬಿಡಬಹುದು ಅಂತ ನನ್ನ ಲೆಕ್ಕ. ಅತ್ತಿಗೆ ಒಪ್ಪಿಲ್ಲ. ಈ ಸಲ ಅವರು ಗೋಕರ್ಣ ಬಿಟ್ಟು ನೇರ ಅಘನಾಶಿನಿಗೆ ಹೋಗುತ್ತಾರಂತೆ, ದಕ್ಷಿಣಕ್ಕೆ ಒಂದು ದಿನ, ಉತ್ತರಕ್ಕೆ ಒಂದು ದಿನ ನಡೆಯುತ್ತಾರಂತೆ. ಆಗ ಸೊಂಟದ ಎರಡೂ ಬದಿ ಸಮ ನೋಯುತ್ತದೆ ಅಂತ ಅವರ ವಾದ.