ಹೊಸ ಕಾರ್ಡ್ ಬೂಟ್ ಆಯಿತು ಅಂತ ಹಳೆಯದನ್ನು ಅಳಿಸಬೇಡಿ

ರಾಸ್ಪ್‌ಬೆರಿ ಪೈ ಅನ್ನುವ ಅಂಗೈಯಗಲದ ಕಂಪ್ಯೂಟರ್ ಬಳಸುವವರು, ಅದರಲ್ಲೂ ಚಿಕ್ಕ ಮೆಮೊರಿ ಕಾರ್ಡ್‌ನಿಂದ ದೊಡ್ಡದಕ್ಕೆ ಎಲ್ಲವನ್ನೂ ಕಾಪಿ ಮಾಡಬೇಕು ಅಂತ ಇರುವವರು, ದಯವಿಟ್ಟು ಇದನ್ನು ಓದಿ ಆಮೇಲೆ ಕೆಲಸ ಶುರು ಮಾಡಿ. ನಮ್ಮ ಅಜ್ಜಿಯ ದನಿ ಇದ್ದ ಮೂರು ಕ್ಯಾಸೆಟ್ ನನ್ನ ಕೈಯಿಂದ ಹೋಯಿತು. ಇನ್ನು ಅವು ಸಿಗುವುದಿಲ್ಲ.

ಊರಿನ ಮನೆಯಲ್ಲಿ ಅಜ್ಜಿ ಹಾಡಿದ ಸೋಬಾನೆ ಪದ, ಬೀಸುವ ಪದಗಳ ಕ್ಯಾಸೆಟ್ ನಲವತ್ತು ಇದ್ದವು, ಎಲ್ಲಾ 90 ನಿಮಿಷದವು. ಅವನ್ನು ಫೈಲ್ ಮಾಡಿಡೋಣ ಅಂತ ಟೇಪ್ ರೆಕಾರ್ಡರ್ ಪಕ್ಕದಲ್ಲೇ ಒಂದು ಪೈ 3 ಇಟ್ಟಿದ್ದೆ, ಯುಎಸ್‌ಬಿ ಸೌಂಡ್ ಕಾರ್ಡ್ ಹಾಕಿ. ವೇವ್ ಫೈಲ್ ಆಗಿ ಉಳಿಸಿದರೆ ಒಂದು ಕ್ಯಾಸೆಟ್‌ಗೆ ಹತ್ತಿರ ಹತ್ತಿರ ಒಂದು ಜಿಬಿ ಬೇಕು. ಪೈಯಲ್ಲಿ ಇದ್ದದ್ದು 16 ಜಿಬಿ ಕಾರ್ಡ್, ಸಿಸ್ಟಮ್ ಕೂಡ ಅದರಲ್ಲೇ. ಹತ್ತು ಕ್ಯಾಸೆಟ್‌ಗೇ ತುಂಬಿತು. ಬೂಸ್ಟು ಹಿಡಿದು ತೀರಾ ಹಾಳಾಗುತ್ತಿದ್ದವನ್ನೇ ಮೊದಲು ಮಾಡಿದ್ದೆ, ಇದನ್ನು ನೆನಪಿಟ್ಟುಕೊಳ್ಳಿ.

ಆನ್‌ಲೈನ್‌ನಲ್ಲಿ 128 ಜಿಬಿ ಕಾರ್ಡ್ ಒಂದು ಬೇರೆಯವುಗಳ ಅರ್ಧ ಬೆಲೆಗೆ ಸಿಕ್ಕಿತು, ತರಿಸಿದೆ. ಹಳೆಯ ಕಾರ್ಡ್‌ನ ಪೂರ್ತಿ ಇಮೇಜನ್ನು, ಅಂದರೆ ಇದ್ದದ್ದು ಇದ್ದ ಹಾಗೆ ಒಂದೇ ಫೈಲ್ ಆಗಿ, ಲಿನಕ್ಸ್‌ನ ಡಿಡಿ (dd) ಕಮಾಂಡ್‌ನಿಂದ ಲ್ಯಾಪ್‌ಟಾಪ್‌ಗೆ ತೆಗೆದು, ಅದನ್ನೇ ಹೊಸದಕ್ಕೆ ಬರೆದೆ. ಪೈಗೆ ಹಾಕಿದೆ, ಮೊದಲ ಸಲಕ್ಕೇ ಬೂಟ್ ಆಯಿತು, ಅಂದರೆ ಸಿಸ್ಟಮ್ ಶುರುವಾಯಿತು. ಹೀಗೆ ಕಾಪಿ ಮಾಡಿದರೆ ದೊಡ್ಡ ಕಾರ್ಡ್‌ನಲ್ಲೂ 16 ಜಿಬಿಯಷ್ಟೇ ಬಳಕೆಗೆ ಬರುತ್ತದೆ, ಉಳಿದ ಜಾಗ ಸುಮ್ನೆ ಖಾಲಿ ಬಿದ್ದಿರುತ್ತದೆ, ಅದಕ್ಕೆ ಪೈಯ ಸೆಟ್ಟಿಂಗ್ಸ್ ಸಾಧನ ರಾಸ್ಪಿ-ಕಾನ್ಫಿಗ್‌ಗೆ ಹೋಗಿ ಫೈಲ್‌ಸಿಸ್ಟಮ್ ಹಿಗ್ಗಿಸುವ ಆಯ್ಕೆ ಒತ್ತಬೇಕು. ಒತ್ತಿದೆ. 128 ಜಿಬಿ ಕಾಣಿಸಿತು. ಹಳೆಯ ಹಾಡುಗಳನ್ನು ಹಾಕಿ ಕೇಳಿದೆ, ಎಲ್ಲಾ ಸರಿ ಇತ್ತು. ಮಾರನೇ ದಿನ ಲ್ಯಾಪ್‌ಟಾಪ್‌ನಲ್ಲಿ ಜಾಗ ಸಾಲದು ಅಂತ ಇಮೇಜ್ ಅಳಿಸಿದೆ. ಹಳೆಯ ಕಾರ್ಡನ್ನು ಫಾರ್ಮ್ಯಾಟ್ ಮಾಡಿ ಭಾವನ ಕಾರಿನ ಕ್ಯಾಮೆರಾಗೆ ಕೊಟ್ಟೆ.

ಮೂರು ವಾರ ಏನೂ ತೊಂದರೆ ಇಲ್ಲ. ಹೊಸದಾಗಿ ರೆಕಾರ್ಡ್ ಮಾಡಿದ್ದನ್ನು ಆಗಾಗ ಕೇಳುತ್ತಲೂ ಇದ್ದೆ. ಇಪ್ಪತ್ತೆಂಟನೆಯದೋ ಏನೋ ನಡೆಯುತ್ತಿದ್ದಾಗ ಕರೆಂಟ್ ಹೋಗಿ ಬಂತು. ಪೈ ಮೇಲೇಳಲಿಲ್ಲ. ಕೆಂಪು ದೀಪ ಮಾತ್ರ, ಹಸಿರು ದೀಪ ಮಿನುಗಲೇ ಇಲ್ಲ. ಕರೆಂಟ್ ಹೋಗಿ ಕಾರ್ಡ್ ಕೆಡುವುದು ಗೊತ್ತಿರುವ ವಿಷಯ ಅಲ್ವಾ, ನಾನೂ ಹಾಗೇ ಅಂದುಕೊಂಡೆ. ಲ್ಯಾಪ್‌ಟಾಪ್‌ಗೆ ಹಾಕಿ ನೋಡಿದರೆ ಪೈ ಶುರುವಾಗಲು ಬೇಕಾದ ಬೂಟ್ ವಿಭಾಗವೇ ಇಲ್ಲ, ಫೈಲ್‌ಸಿಸ್ಟಮ್ ಚೂರು ಚೂರು.

ಆಮೇಲೆ ಎಫ್‌3 ಅನ್ನುವ ಉಚಿತ ಸಾಧನದಿಂದ ಪರೀಕ್ಷೆ ಮಾಡಿದೆ. ಕಾರ್ಡ್‌ನಲ್ಲಿ ನಿಜವಾಗಿ ಇದ್ದದ್ದು 29 ಜಿಬಿ ಆಸುಪಾಸು. ಕಾರ್ಡನ್ನು ನಡೆಸುವ ಒಳಗಿನ ಚಿಪ್ (ಕಂಟ್ರೋಲರ್) 128 ಅಂತ ಸುಳ್ಳು ಹೇಳುವ ಹಾಗೆ ಮಾಡಿ ಮಾರಿದ್ದರು. ಇಂಥ ಕಾರ್ಡ್‌ಗಳಲ್ಲಿ ಕೆಲವು, ನಿಜವಾದ ಜಾಗ ಮುಗಿದ ಮೇಲೆ ಬಂದದ್ದನ್ನು ಎಲ್ಲೂ ಬರೆಯದೆ ಬಿಟ್ಟುಬಿಡುತ್ತವೆ. ನನ್ನದು ಮತ್ತೆ ಮೊದಲಿನಿಂದ ಬರೆಯುವ ಜಾತಿಯದ್ದು, ಹಾಡು ಇದ್ದ ಕ್ಯಾಸೆಟ್ ಮೇಲೇ ಇನ್ನೊಂದು ಹಾಡು ರೆಕಾರ್ಡ್ ಮಾಡಿದ ಹಾಗೆ. ಕಾರ್ಡ್‌ನ ತಲೆಯಲ್ಲಿ ಇರುವುದು ಏನು? ಬೂಟ್ ವಿಭಾಗ, ಸಿಸ್ಟಮ್, ಆಮೇಲೆ ಆ ಮೊದಲ ಹತ್ತು ಕ್ಯಾಸೆಟ್. ಹೊಸದಾಗಿ ಬರೆದದ್ದು ಕೇಳಿದರೆ ಸರಿಯಾಗೇ ಕೇಳುತ್ತದೆ, ಯಾಕೆಂದರೆ ಅದೇ ಕೊನೆಗೆ ಬರೆದದ್ದು. ಹಾಳಾಗುತ್ತಿದ್ದದ್ದು ಹಳೆಯದು. ಸಿಸ್ಟಮ್ ಆಗಲೇ ಓಡುತ್ತಿದ್ದರಿಂದ, ಬೇಕಾದದ್ದು ರ‍್ಯಾಮ್‌ನಲ್ಲಿ ಇದ್ದದ್ದರಿಂದ, ಮತ್ತೆ ಆನ್ ಮಾಡುವ ತನಕ ನನಗೆ ಗೊತ್ತೇ ಆಗಲಿಲ್ಲ.

ಅದಕ್ಕೇ ಹೇಳುತ್ತಿರುವುದು, ಬೂಟ್ ಆಗುವುದು ಸಾಕ್ಷಿಯೇ ಅಲ್ಲ. 16 ಜಿಬಿ ಇಮೇಜ್ ಕೂತದ್ದು ಕಾರ್ಡ್‌ನ ನಿಜವಾದ ಭಾಗದಲ್ಲಿ, ಅಲ್ಲಿ ಎಲ್ಲಾ ಸರಿಯಾಗೇ ಇರುತ್ತದೆ. ಸುಳ್ಳು ಶುರುವಾಗುವುದು ಅದರಾಚೆ. ಕಾಪಿ ಮಾಡುವ ಮೊದಲೇ, ಕಾರ್ಡ್ ಖಾಲಿ ಇರುವಾಗಲೇ, ಅದನ್ನು ತುದಿವರೆಗೂ ತುಂಬಿ ಮತ್ತೆ ಪೂರ್ತಿ ಓದಿ ನೋಡಿ. ಲಿನಕ್ಸ್‌ನಲ್ಲಿ ಎಫ್‌3, ವಿಂಡೋಸ್‌ನಲ್ಲಿ ಎಚ್‌2ಟೆಸ್ಟ್‌ಡಬ್ಲ್ಯೂ ಈ ಕೆಲಸ ಮಾಡುತ್ತವೆ. ಸೆಕೆಂಡಿಗೆ 20 ಎಂಬಿ ವೇಗ ಇದ್ದರೂ 128 ಜಿಬಿ ಬರೆಯುವುದಕ್ಕೇ ಒಂದೂಮುಕ್ಕಾಲು ಗಂಟೆ ಬೇಕು, ಓದುವುದಕ್ಕೆ ಬೇರೆ ಸಮಯ. ರಾತ್ರಿ ಹಚ್ಚಿಟ್ಟು ಮಲಗಿ. ತುಂಬಾ ಒಳ್ಳೆಯ ಬ್ರ್ಯಾಂಡ್ ಹೆಸರು ಮೇಲೆ ಅಚ್ಚಾಗಿದೆ ಅಂತ ಬಿಡಬೇಡಿ, ನನ್ನದರ ಮೇಲೂ ಅಚ್ಚಾಗಿತ್ತು.

ಇನ್ನೂ ಎರಡು ಮೂರು ಜಾಗದಲ್ಲಿ ಜನ ಎಡವುವುದು ನೋಡಿದ್ದೇನೆ. ಪೈ ಕಾರ್ಡನ್ನು ವಿಂಡೋಸ್‌ಗೆ ಹಾಕಿದರೆ ಚಿಕ್ಕ ಬೂಟ್ ವಿಭಾಗ ಮಾತ್ರ ತೆರೆಯುತ್ತದೆ, ಇನ್ನೊಂದಕ್ಕೆ ‘ಫಾರ್ಮ್ಯಾಟ್ ಮಾಡಬೇಕು’ ಅಂತ ಕೇಳುತ್ತದೆ, ಯಾಕೆಂದರೆ ಅದು ಲಿನಕ್ಸ್‌ನ ಎಕ್ಸ್ಟ್4 (ext4) ಮಾದರಿಯದ್ದು, ವಿಂಡೋಸ್‌ಗೆ ಓದಲು ಬರುವುದಿಲ್ಲ. ಅಲ್ಲಿ ಹೂಂ ಅನ್ನಬೇಡಿ. ಹಾಗೆಯೇ ಡಿಡಿ ಕಮಾಂಡ್‌ನಲ್ಲಿ ಯಾವುದರಿಂದ, ಯಾವುದಕ್ಕೆ ಅನ್ನುವುದು ಅದಲು ಬದಲಾದರೆ ಅದು ಒಂದು ಮಾತೂ ಕೇಳದೆ ತುಂಬಿದ ಕಾರ್ಡ್ ಮೇಲೆ ಖಾಲಿ ಕಾರ್ಡನ್ನು ಬರೆದುಬಿಡುತ್ತದೆ. ಪ್ರತಿ ಸಲ ಸಿಕ್ಕಿಸಿರುವ ಡಿಸ್ಕ್‌ಗಳ ಪಟ್ಟಿ ತೋರಿಸುವ ಎಲ್‌ಎಸ್‌ಬಿಎಲ್‌ಕೆ (lsblk) ಕಮಾಂಡ್ ಹಾಕಿ, ಸೈಜ್ ನೋಡಿ, ಆಮೇಲೆ ಎಂಟರ್ ಒತ್ತಿ. ಕಾಪಿ ಆದ ಮೇಲೆ ಎರಡೂ ಕಾರ್ಡನ್ನು (ಒಂದನ್ನು ಯುಎಸ್‌ಬಿ ರೀಡರ್‌ನಲ್ಲಿ ಹಾಕಿ) ಒಟ್ಟಿಗೆ ಪೈಗೆ ಸಿಕ್ಕಿಸಿ ಬೂಟ್ ಮಾಡಬೇಡಿ, ಎರಡರ ವಿಭಾಗಗಳಿಗೂ ಒಂದೇ ಗುರುತಿನ ಸಂಖ್ಯೆ ಇರುತ್ತದೆ, ಯಾವುದರಿಂದ ಓಡುತ್ತಿದೆ ಅಂತಲೇ ತಿಳಿಯುವುದಿಲ್ಲ.

ಮಾರಿದವರು ದುಡ್ಡು ವಾಪಸ್ ಕೊಟ್ಟರು. ಭಾವನ ಕ್ಯಾಮೆರಾದ ಕಾರ್ಡ್ ವಾಪಸ್ ತಂದು ನೋಡಿದೆ, ಅದರ ತುಂಬ ರಸ್ತೆಯ ವಿಡಿಯೋ. ಮೊದಲ ಹತ್ತರಲ್ಲಿ ಏಳು ಕ್ಯಾಸೆಟ್ ಇನ್ನೊಮ್ಮೆ ಓಡಿದವು, ಸದ್ದು ಸ್ವಲ್ಪ ಮಂಕು. ಉಳಿದ ಮೂರರ ಟೇಪು ಹಿಂದಿನ ಸಲ ಓಡಿಸುವಾಗಲೇ ತುಂಡಾಗಿತ್ತು, ಫೈಲ್ ಆಗಿದೆಯಲ್ಲ ಅಂತ ಎಸೆದಿದ್ದೆ. ಅದರಲ್ಲೊಂದು ನಮ್ಮಮ್ಮನ ಸೀಮಂತದ್ದು. ಅಮ್ಮನಿಗೆ ಇನ್ನೂ ಹೇಳಿಲ್ಲ.