ಖಡ್ಗವೋ, ಕೊಡಲಿಯೋ? ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಉಚಿತ ನಿಯಮಾವಳಿಯ ಆಯುಧಪಟ್ಟಿ

ಜುಲೈ ಬಂತೆಂದರೆ ಮಡಿಕೇರಿಯಲ್ಲಿ ಸಂಜೆ ಹೊರಗೆ ಕಾಲಿಡುವ ಹಾಗಿಲ್ಲ, ಕರೆಂಟನ್ನು ನಂಬುವ ಹಾಗೂ ಇಲ್ಲ. ಹೀಗಾಗಿ ಎರಡು ಮಳೆಗಾಲಗಳಿಂದ ನಾವು ನಾಲ್ವರು ಎಮರ್ಜೆನ್ಸಿ ದೀಪದ ಸುತ್ತ ಕುಳಿತು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ, ಪಾತ್ರ ವಹಿಸಿ ದಾಳ ಎಸೆದು ಆಡುವ ಆಟವನ್ನು ಆಡುತ್ತಿದ್ದೇವೆ. ಈ ಆಟದ ಐದನೆಯ ಆವೃತ್ತಿಯ ಮೂಲ ನಿಯಮಗಳು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಉಚಿತವಾಗಿ ಸಿಕ್ಕಿದವು. ನಮ್ಮ ಕೈಯಲ್ಲಿರುವುದು ಅದರ ಮುದ್ರಿತ ಪ್ರತಿ. ಇಡೀ ನಿಯಮಾವಳಿಯನ್ನು ಇಲ್ಲಿ ವಿಮರ್ಶಿಸುತ್ತಿಲ್ಲ. ಯಾವ ಆಯುಧದ ಪೆಟ್ಟು ಜೋರು ಎಂದು ಹೊಸ ಆಟಗಾರನೊಬ್ಬ ಇದರಿಂದ ತಿಳಿದುಕೊಳ್ಳಬಹುದೇ ಎಂಬುದಷ್ಟೇ ನನ್ನ ಪ್ರಶ್ನೆ.

ಈ ಪ್ರಶ್ನೆ ಎದ್ದದ್ದು ಚಿಕ್ಕಪ್ಪನ ಮಗನಿಂದ. ಎರಡು ಕೈಯಲ್ಲಿ ಹಿಡಿಯುವ ದೊಡ್ಡ ಖಡ್ಗದ ಹಾನಿ ಅಳೆಯಲು 6 ಮುಖದ ಎರಡು ದಾಳ, ಬೆಲೆ 50 ಚಿನ್ನದ ನಾಣ್ಯ. ದೊಡ್ಡ ಕೊಡಲಿಗೆ 12 ಮುಖದ ಒಂದೇ ದಾಳ, ಬೆಲೆ 30. ಎರಡರಲ್ಲೂ ಗರಿಷ್ಠ ಹಾನಿ 12 ಆಗಿರುವಾಗ 20 ನಾಣ್ಯ ಹೆಚ್ಚು ಕೊಡುವುದೇಕೆ ಎಂದು ಅವನು ಕೊಡಲಿಯನ್ನೇ ಆರಿಸಿಕೊಂಡ. ಪಟ್ಟಿಯಲ್ಲಿ ಸರಾಸರಿ ಕೊಟ್ಟಿಲ್ಲವಾದ್ದರಿಂದ ನಾನು ಲೆಕ್ಕ ಹಾಕಿ ತೋರಿಸಬೇಕಾಯಿತು: ಖಡ್ಗಕ್ಕೆ 7, ಕೊಡಲಿಗೆ 6.5. ಸೋಜಿಗವೆಂದರೆ ಇದೇ ನಿಯಮಾವಳಿ ರಾಕ್ಷಸರ ವಿವರಗಳಲ್ಲಿ ಸರಾಸರಿಯನ್ನು ತಪ್ಪದೆ ಮುದ್ರಿಸುತ್ತದೆ. ಆರ್ಕ್ ಎಂಬ ಜೀವಿಯ ಕೊಡಲಿಯೇಟಿಗೆ ಮೊದಲು 9 ಎಂದು ಬರೆದು, ಆಮೇಲೆ 12 ಮುಖದ ದಾಳಕ್ಕೆ 3 ಕೂಡಿಸಬೇಕೆಂದು ಹೇಳುತ್ತದೆ. ನಿಜವಾದ ಸರಾಸರಿ 9.5, ಅರ್ಧವನ್ನು ಕೈಬಿಡುವುದು ಇಲ್ಲಿನ ಪದ್ಧತಿ. ಆಟ ನಡೆಸುವವನಿಗೆ ಒದಗಿಸಿದ ಈ ಸೌಕರ್ಯವನ್ನು ಆಟಗಾರನಿಗೂ ಒದಗಿಸಬಹುದಿತ್ತು. ಪಟ್ಟಿಗೆ ಇನ್ನೊಂದು ಕಾಲಮ್ ಸೇರಿಸಿದ್ದರೆ ಸಾಕಿತ್ತು.

ಹಾಗೆಂದು ಆ ಸರಾಸರಿಯೊಂದನ್ನೇ ನೆಚ್ಚಿಕೊಂಡರೂ ಮೋಸವೇ. ಮೊದಲನೆಯದಾಗಿ, ಪೆಟ್ಟು ತಗುಲಬೇಕಲ್ಲ. ಮೊದಲ ಹಂತದ ಯೋಧನಿಗೆ ಶಕ್ತಿ 16 ಇದ್ದರೆ, ಪೆಟ್ಟು ತಗುಲಿತೇ ಎಂದು ನೋಡಲು ಎಸೆಯುವ 20 ಮುಖದ ದಾಳಕ್ಕೆ 5 ಸೇರುತ್ತದೆ: ಶಕ್ತಿಯಿಂದ 3, ಪರಿಣತಿಯಿಂದ 2. ಆರ್ಮರ್ ಕ್ಲಾಸ್ (ತಗುಲಲು ಮುಟ್ಟಬೇಕಾದ ಮೊತ್ತ) 15 ಇರುವ ಪುಟ್ಟ ರಾಕ್ಷಸ ಗಾಬ್ಲಿನ್‌ಗೆ ತಗುಲಲು 10 ಅಥವಾ ಹೆಚ್ಚು ಬೀಳಬೇಕು, ಅಂದರೆ ನೂರಕ್ಕೆ 55 ಸಾಧ್ಯತೆ. ತಗುಲಿದಾಗ ಹಾನಿಗೆ ಶಕ್ತಿಯ 3 ಸೇರುತ್ತದೆ, 20 ಬಿದ್ದಾಗ ಹಾನಿಯ ದಾಳಗಳು ಇಮ್ಮಡಿಯಾಗುತ್ತವೆ. ಇವೆಲ್ಲವನ್ನೂ ಹಿಡಿದರೆ ಒಂದು ಬೀಸಿಗೆ ಖಡ್ಗದಿಂದ 5.85, ಕೊಡಲಿಯಿಂದ 5.55. ಅರ್ಧ ಅಂಕದ ಅಂತರ 0.3ಕ್ಕೆ ಇಳಿಯಿತು. ಚಿಕ್ಕಪ್ಪನ ಮಗ ಗೆದ್ದವನಂತೆ ನಕ್ಕ.

ಆದರೆ ಗಾಬ್ಲಿನ್‌ಗೆ ಇರುವುದು 7 ಹಿಟ್ ಪಾಯಿಂಟ್ (ಉರುಳುವ ಮುನ್ನ ತಾಳಿಕೊಳ್ಳುವ ಹಾನಿ) ಮಾತ್ರ. ತಗುಲಿದ ಒಂದೇ ಪೆಟ್ಟಿಗೆ ಅದು ಉರುಳಬೇಕಾದರೆ ದಾಳದಲ್ಲಿ 4 ಬಂದರೆ ಸಾಕು. ಇಮ್ಮಡಿ ಪೆಟ್ಟುಗಳನ್ನು ಬಿಟ್ಟು ನೋಡಿದರೆ ಎರಡು ದಾಳಗಳಲ್ಲಿ 36ರಲ್ಲಿ 33 ಸಲ, ಅಂದರೆ ಸುಮಾರು ಶೇ 92ರಷ್ಟು ಸಲ, ಹಾಗೆ ಆಗುತ್ತದೆ. 12 ಮುಖದ ಒಂಟಿ ದಾಳದಲ್ಲಿ ಶೇ 75. ಸರಾಸರಿಯಲ್ಲಿ ಕಾಣಿಸದ ದೊಡ್ಡ ಅಂತರ ಇಲ್ಲಿ ಎದ್ದು ಬರುತ್ತದೆ. 15 ಹಿಟ್ ಪಾಯಿಂಟ್‌ನ ಆರ್ಕ್ ಎದುರಾದಾಗ ಲೆಕ್ಕ ತಿರುಗುಮುರುಗು. ಅದನ್ನು ಒಂದೇಟಿಗೆ ಕೆಡವಲು ಪೂರ್ತಿ 12 ಬೀಳಬೇಕು: ಖಡ್ಗಕ್ಕೆ 36ರಲ್ಲಿ ಒಂದು ಸಲ, ಕೊಡಲಿಗೆ 12ರಲ್ಲಿ ಒಂದು ಸಲ. ಸರಾಸರಿಗೆ ನಿಜವಾದ ಬೆಲೆ ಬರುವುದು ಓಗರ್‌ನಂತಹ 59 ಹಿಟ್ ಪಾಯಿಂಟ್‌ನ ದೈತ್ಯನ ಮುಂದೆ, ಹಲವು ಸುತ್ತುಗಳ ಕಾದಾಟದಲ್ಲಿ.

ಮಳೆಯ ಲೆಕ್ಕವನ್ನು ಇಂಚು, ಸೆಂಟ್‌ಗಳಲ್ಲಿ ನೋಟ್‌ಬುಕ್ಕಿಗೆ ಇಳಿಸುವ ನಮ್ಮ ತೋಟದವರಿಗೆ ಇದು ಹೊಸ ಮಾತಲ್ಲ. ವರ್ಷದ ಒಟ್ಟು ಇಂಚು ಸರಿಯಾಗಿಯೇ ಇದ್ದು, ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ರೊಬಸ್ಟಾ ಕಾಫಿ ಗಿಡಕ್ಕೆ ಆ ಸರಾಸರಿಯಿಂದ ಏನೂ ಆಗಬೇಕಾದ್ದಿಲ್ಲ.

ನಮ್ಮ ಗುಂಪಿನ ಕೊಡವ ಗೆಳತಿಗೆ ತನ್ನ ಪಾತ್ರದ ಕೈಯಲ್ಲಿ ಒಡಿಕತ್ತಿಯೇ ಇರಬೇಕಿತ್ತು. ಕೈಲ್ ಮುಹೂರ್ತದಂದು ಮನೆಯಲ್ಲಿ ಪೂಜೆಗಿಡುವ ಆಯುಧ ಪಟ್ಟಿಯಲ್ಲಿಲ್ಲ ಎಂಬುದು ಅವಳ ತಕರಾರು. 6 ಮುಖದ ದಾಳದ ಸಿಮಿಟರ್ ಎಂಬ ಬಾಗುಗತ್ತಿಯನ್ನೇ ಒಡಿಕತ್ತಿ ಎಂದು ಕರೆದುಕೊಂಡೆವು. ಅದು ಹಗುರ ಆಯುಧವಾದ್ದರಿಂದ ಎರಡೂ ಕೈಯಲ್ಲಿ ಒಂದೊಂದು ಹಿಡಿಯಬಹುದು. ಎರಡನೆಯ ಕೈಯ ಪೆಟ್ಟಿಗೆ ಶಕ್ತಿಯ 3 ಸೇರದಿದ್ದರೂ ಗಾಬ್ಲಿನ್ ಎದುರು ಒಟ್ಟು ಲೆಕ್ಕ ಮತ್ತೆ 5.85, ದೊಡ್ಡ ಖಡ್ಗಕ್ಕೆ ಸರಿಸಮ! ಸುತ್ತಿಗೊಂದರಂತೆ ಸಿಗುವ ಹೆಚ್ಚುವರಿ ಕ್ರಿಯೆಯಾದ ಬೋನಸ್ ಆ್ಯಕ್ಷನ್ ಪ್ರತಿ ಸುತ್ತಿನಲ್ಲೂ ಅದಕ್ಕೇ ಖರ್ಚಾಗುತ್ತದೆ ಎಂಬುದನ್ನು ಮಾತ್ರ ಮರೆಯಬಾರದು.

ನನಗೆ ಹಿಡಿಸದ ನಿಯಮ ಗ್ರೇಟ್ ವೆಪನ್ ಫೈಟಿಂಗ್, ಎರಡು ಕೈಯಲ್ಲಿ ದೊಡ್ಡ ಆಯುಧ ಹಿಡಿದು ಹೋರಾಡುವ ಶೈಲಿ. ಹಾನಿಯ ದಾಳದಲ್ಲಿ 1 ಅಥವಾ 2 ಬಿದ್ದರೆ ಅದನ್ನು ಒಮ್ಮೆ ಮರುಎಸೆಯಬಹುದು. ಇದರಿಂದ ಖಡ್ಗದ ಸರಾಸರಿ 8.33ಕ್ಕೆ, ಕೊಡಲಿಯದು 7.33ಕ್ಕೆ ಏರುತ್ತದೆ. ಕಾಗದದ ಮೇಲೆ ಚೆಂದವೇ. ಆದರೆ ಮಂದ ಬೆಳಕಿನಲ್ಲಿ ರೆಡ್‌ಆಕ್ಸೈಡ್ ನೆಲದ ಮೇಲೆ ಉರುಳಿದ ದಾಳವನ್ನು ಮಂಚದಡಿಯಿಂದ ಹುಡುಕಿ ತಂದು, ಮತ್ತೆ ಎಸೆದು, ಮತ್ತೆ 1 ಬಿದ್ದಾಗ ಉಳಿದ ಮೂವರು ಚಹಾ ಕುಡಿದು ಮುಗಿಸಿರುತ್ತಾರೆ. 2024ರ ಪರಿಷ್ಕೃತ ನಿಯಮದಲ್ಲಿ 1 ಮತ್ತು 2ನ್ನು 3 ಎಂದೇ ಎಣಿಸುತ್ತಾರೆ. ಖಡ್ಗಕ್ಕೆ ಸರಿಯಾಗಿ 8 ಬಂದರೂ ಕೊಡಲಿಗೆ ಸಿಗುವುದು 6.75 ಮಾತ್ರ. ಆಟ ಚುರುಕಾಯಿತು, ಕೊಡಲಿ ಹಿಡಿದವನಿಗೆ ಅನ್ಯಾಯವಾಯಿತು.

ಉಚಿತವಾಗಿ ಸಿಗುವ ನಿಯಮಾವಳಿಗೆ ಐದರಲ್ಲಿ ನಾಲ್ಕು ಅಂಕ ಕೊಡಲು ನನಗೆ ಹಿಂಜರಿಕೆಯಿಲ್ಲ. ಉಳಿದ ಒಂದನ್ನು ಕಳೆದದ್ದು ಪಟ್ಟಿಯಲ್ಲಿ ಬಿಟ್ಟುಹೋದ ಆ ಕಾಲಮ್‌ಗಾಗಿ. ನಮ್ಮ ಪ್ರತಿಯಲ್ಲಿ ಅದನ್ನು ಪೆನ್ಸಿಲ್‌ನಿಂದ ನಾನೇ ಬರೆದಿದ್ದೇನೆ. ಚಿಕ್ಕಪ್ಪನ ಮಗ ಇವತ್ತಿಗೂ ಕೊಡಲಿಯನ್ನು ಬಿಟ್ಟಿಲ್ಲ.