ಕಲಬುರಗಿಯಲ್ಲಿ ಮನೆ, ಕಾರವಾರದಲ್ಲಿ ಕಡಲು: ಮೀನುಗಾರಿಕೆಯ ಕಯಾಕ್ ಒಂದರ ದೀರ್ಘ ಬಳಕೆಯ ವಿಮರ್ಶೆ

ಪಾಲಿಥಿನ್ ಪ್ಲಾಸ್ಟಿಕ್ಕಿನಲ್ಲಿ ಒಂದೇ ಎರಕವಾಗಿ ತಯಾರಾದ, ಒಬ್ಬರೇ ಮೇಲೆ ಕುಳಿತು ಹುಟ್ಟು ಹಾಕುವ ಮೀನುಗಾರಿಕೆಯ ಕಯಾಕ್ ಒಂದನ್ನು ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ಉದ್ದ ಸುಮಾರು 10 ಅಡಿ, ಅಗಲ 32 ಇಂಚು, ತೂಕ 28 ಕಿಲೋ. ಹೊರುವ ಸಾಮರ್ಥ್ಯ 150 ಕಿಲೋ ಎಂದು ಕಂಪನಿ ಹೇಳುತ್ತದೆ. ನನ್ನ ಮನೆ ಕಲಬುರಗಿಯಲ್ಲಿದ್ದು, ದೋಣಿ ನೀರಿಗಿಳಿಯುವುದು ಹೆಚ್ಚಾಗಿ ಬೀದರ ಜಿಲ್ಲೆಯ ಕಾರಂಜಾ ಜಲಾಶಯದಲ್ಲಿ ಮತ್ತು ರಜೆ ಹೊಂದಿಸಿಕೊಂಡಾಗ ಕಾರವಾರ, ಕುಮಟಾ ಕಡೆಯ ಕರಾವಳಿಯಲ್ಲಿ. ಸಮುದ್ರದಲ್ಲಿ ಗಾಳ ಹಾಕಲು ಹೊಸದಾಗಿ ಕಲಿಯುವವರಿಗೆ ಈ ಬಗೆಯ ದೋಣಿಯೇ ಸರಿ ಎಂಬ ನನ್ನ ಅಭಿಪ್ರಾಯ ಇಷ್ಟು ಬಳಸಿದ ಮೇಲೂ ಬದಲಾಗಿಲ್ಲ. ಆದರೆ ನಮ್ಮಂಥ ಒಳನಾಡಿನ, ಬಿರುಬಿಸಿಲಿನ ಊರಿನವರು ಕೊಳ್ಳುವ ಮೊದಲು ಯೋಚಿಸಬೇಕಾದ ಸಂಗತಿಗಳು ಕರಾವಳಿಯವರು ಯೋಚಿಸುವ ಸಂಗತಿಗಳಿಗಿಂತ ಬೇರೆಯೇ ಇವೆ.

ಗಾಳಿ ತುಂಬುವ ರಬ್ಬರಿನಂಥ ಕಯಾಕ್ ಅಗ್ಗ, ಮಡಚಿ ಡಿಕ್ಕಿಯಲ್ಲಿಟ್ಟುಕೊಂಡು ಹೋಗಬಹುದು ಎಂಬುದು ನಿಜವೇ. ಜಲಾಶಯದ ಮಟ್ಟಿಗೆ ಅದು ಸಾಕಾಗುತ್ತದೆ. ಸಮುದ್ರದಲ್ಲಿ ಗಾಳಿ ಸ್ವಲ್ಪ ಬಲವಾದರೂ ಅದು ನೀರಿನ ಮೇಲೆ ಪಕ್ಕಕ್ಕೆ ಜಾರುತ್ತದೆ. ಜೊತೆಗೆ ಗಾಳದ ಕೊಂಡಿ, ಶೇಡೆ ಮೀನಿನ ಮುಳ್ಳು, ಬಂಡೆಗಂಟಿದ ಚಿಪ್ಪು ಇವೆಲ್ಲವೂ ಅದಕ್ಕೆ ಶತ್ರುಗಳೇ. ಒಳಗೆ ಕಾಲು ತೂರಿಸಿ ಕೂರುವ ಕಯಾಕ್ ವೇಗವಾಗಿ ಸಾಗುತ್ತದಾದರೂ ಮಗುಚಿದರೆ ನೀರು ತುಂಬಿಕೊಳ್ಳುತ್ತದೆ, ಅದನ್ನು ಬರಿದು ಮಾಡಿ ಮತ್ತೆ ಹತ್ತುವುದು ಹೊಸಬರ ಕೈಲಾಗುವ ಕೆಲಸವಲ್ಲ. ಮೇಲೆ ಕೂರುವ ಮಾದರಿಯಲ್ಲಿ ಒಡಲು ಪೂರ್ತಿ ಮುಚ್ಚಿಕೊಂಡಿರುತ್ತದೆ, ನಾವು ಕೂರುವ ಮೇಲ್ಭಾಗದ ತಟ್ಟೆಯ ಮೇಲೆ ಬಿದ್ದ ಅಲೆಯ ನೀರು ಆರುಪಾರಾದ ತೂತುಗಳಿಂದ ತಾನಾಗಿ ಕೆಳಕ್ಕೆ ಹರಿದುಹೋಗುತ್ತದೆ. ಅದೇ ತೂತುಗಳಿಂದ ನೀರು ಮೇಲಕ್ಕೂ ಬರುತ್ತದೆ ಎಂಬುದನ್ನು ಮಾರುವವರು ಹೇಳುವುದಿಲ್ಲ. ನನ್ನ ತೂಕ, ಐಸ್ ಪೆಟ್ಟಿಗೆ, ಕುಡಿಯುವ ನೀರು, ಸಾಮಾನು ಸೇರಿ 100 ಕಿಲೋ ದಾಟಿತೆಂದರೆ ಕೂತ ಜಾಗ ಒದ್ದೆಯಾಗಿಯೇ ಇರುತ್ತದೆ. ಆದ್ದರಿಂದ ಕಂಪನಿ ಹೇಳುವ ಸಾಮರ್ಥ್ಯದ ಮೂರರಲ್ಲಿ ಎರಡು ಪಾಲನ್ನು ಮಾತ್ರ ನಂಬುವುದು ಕ್ಷೇಮ.

ಈ ದೋಣಿಯ ನಿಜವಾದ ಬೆಲೆ ತಿಳಿಯುವುದು ಅದರಿಂದ ಬಿದ್ದಾಗ. ಮರಳಿ ಹತ್ತುವ ಕ್ರಮವನ್ನು ನಾನು ಕಲಿತದ್ದು ಕಾರಂಜಾದ ನಿಂತ ನೀರಿನಲ್ಲಿ. ಕಲಿಯುವವರೆಗೂ ಸಮುದ್ರದ ಕಡೆ ಹೊರಡಲಿಲ್ಲ. ಕೃಷ್ಣೆಯಲ್ಲಿ ಮೊಸಳೆಗಳಿರುವುದರಿಂದ ಬೇಕೆಂದೇ ನೀರಿಗೆ ಬೀಳುವ ಈ ಅಭ್ಯಾಸಕ್ಕೆ ಆ ನದಿಯ ನಾರಾಯಣಪುರ ಜಲಾಶಯದ ಕಡೆ ಹೋಗಲು ಮನಸ್ಸಾಗಲಿಲ್ಲ. ಮಗುಚಿದ ದೋಣಿಯ ಮಧ್ಯಕ್ಕೆ ಬಂದು, ಆಚೆಯ ಅಂಚನ್ನು ಹಿಡಿದು ತನ್ನ ಕಡೆಗೆ ಎಳೆದರೆ ಅದು ನೆಟ್ಟಗಾಗುತ್ತದೆ. ಆಮೇಲೆ ಕೈಬಲದಿಂದ ಮೇಲೇರಲು ಹೋದರೆ ಕಾಲುಗಳು ದೋಣಿಯ ಅಡಿಗೆ ಸರಿದು ದೋಣಿ ಮತ್ತೆ ಮಗುಚುತ್ತದೆ. ಮೊದಲು ಕಾಲು ಬಡಿದು ಮೈಯನ್ನು ನೀರಿನ ಮೇಲೆ ಅಡ್ಡಲಾಗಿ ತೇಲಿಸಿಕೊಳ್ಳಬೇಕು, ಹೊಟ್ಟೆಯನ್ನು ತಟ್ಟೆಯ ಮೇಲೆ ಜಾರಿಸಬೇಕು, ಹೊರಳಿ ಕೂರಬೇಕು, ಕಾಲುಗಳನ್ನು ಕೊನೆಗೆ ಒಳಕ್ಕೆ ತೆಗೆದುಕೊಳ್ಳಬೇಕು. ಲೈಫ್ ಜಾಕೆಟ್ ತೊಟ್ಟೇ ಇದನ್ನು ಅಭ್ಯಾಸ ಮಾಡಬೇಕು, ಏಕೆಂದರೆ ಪ್ರವಾಸಿ ದೋಣಿಗಳಲ್ಲಿ ಕೊಡುವ ದಪ್ಪನೆಯ ಕಿತ್ತಳೆ ಬಣ್ಣದ ಜಾಕೆಟ್ಟಿನ ಎದೆಭಾಗ ಅಂಚಿಗೆ ಸಿಕ್ಕಿಕೊಂಡು ಮೇಲೇರಲು ಬಿಡುವುದಿಲ್ಲ. ತೋಳು ಆಡಲು ಜಾಗವಿರುವ, ಬೆನ್ನಿನ ಫೋಮ್ ಮೇಲಕ್ಕಿರುವ, ಕಯಾಕ್‌ಗೆಂದೇ ಹೊಲಿದ ಜಾಕೆಟ್ ನಮ್ಮ ಕಡೆಯ ಅಂಗಡಿಗಳಲ್ಲಿ ನನಗೆ ಸಿಗಲಿಲ್ಲ; ತರಿಸಿಕೊಳ್ಳಬೇಕಾಯಿತು. ಇನ್ನೊಂದು ಮಾತು: ಜಲಾಶಯಗಳ ಮೀನಿನ ಹಕ್ಕನ್ನು ಗುತ್ತಿಗೆ ಕೊಡುವ ಪದ್ಧತಿ ಇರುವುದರಿಂದ, ಗಾಳ ಹಾಕುವ ಮುನ್ನ ಹಕ್ಕುದಾರರನ್ನೋ ಮೀನುಗಾರಿಕೆ ಇಲಾಖೆಯ ಕಚೇರಿಯನ್ನೋ ಕೇಳಿಕೊಳ್ಳುವುದು ಮರ್ಯಾದೆ.

ಸಮುದ್ರದಲ್ಲಿ ಕಷ್ಟವಿರುವುದು ಆಳದಲ್ಲಲ್ಲ, ದಡದ ಮೊದಲ ಐವತ್ತು ಮೀಟರಿನಲ್ಲಿ. ಅಲೆಗಳು ಗುಂಪು ಗುಂಪಾಗಿ ಬರುತ್ತವೆ, ಎರಡು ಗುಂಪುಗಳ ನಡುವೆ ಸ್ವಲ್ಪ ಬಿಡುವಿರುತ್ತದೆ. ಕಾಲು ಗಂಟೆಯಾದರೂ ದಡದಲ್ಲಿ ನಿಂತು ಈ ಲೆಕ್ಕ ಹಿಡಿಯದೆ ದೋಣಿ ಇಳಿಸಬಾರದು. ಮೂತಿ ಅಲೆಗೆ ನೇರವಾಗಿದ್ದರೆ ಈ ದೋಣಿ ಸೊಂಟದೆತ್ತರದ ಅಲೆಯನ್ನು ನಿರಾಯಾಸವಾಗಿ ಹತ್ತಿ ಇಳಿಯುತ್ತದೆ. ಸ್ವಲ್ಪ ಓರೆಯಾದರೆ 32 ಇಂಚಿನ ಅಗಲ ಯಾವ ಸಹಾಯಕ್ಕೂ ಬರುವುದಿಲ್ಲ. ಮರಳುವಾಗ ಕಷ್ಟ ಇನ್ನೂ ಹೆಚ್ಚು, ಏಕೆಂದರೆ ಅಲೆ ಬೆನ್ನ ಹಿಂದಿರುತ್ತದೆ ಮತ್ತು ಹಿಂಬದಿಯನ್ನು ಪಕ್ಕಕ್ಕೆ ತಿರುಗಿಸಲು ನೋಡುತ್ತದೆ. ಮೊಣಕಾಲುದ್ದದ ನೀರಿಗೆ ಬಂದಾಗ ಕಡಲಿನ ಬದಿಗೇ ಇಳಿಯಬೇಕು. ದಡದ ಬದಿಗೆ ಇಳಿದರೆ ಮುಂದಿನ ಅಲೆ 28 ಕಿಲೋ ಪ್ಲಾಸ್ಟಿಕ್ಕನ್ನು ತಂದು ಮೊಣಕಾಲಿಗೇ ಬಡಿಯುತ್ತದೆ. ಗಾಳದ ಕಡ್ಡಿಗಳನ್ನು ಈ ವಲಯದಲ್ಲಿ ಹೋಲ್ಡರ್‌ನಲ್ಲಿ ನಿಲ್ಲಿಸದೆ ಮಲಗಿಸಿ ಕಟ್ಟಿರಬೇಕು. ಈ ದೋಣಿಯ ದೊಡ್ಡ ಕೊರತೆ ಇಲ್ಲೇ ಇದೆ: ಏಳು ಅಡಿಯ ಕಡ್ಡಿ ಮುಂದಿನ ಮುಚ್ಚಳ ತೆಗೆದು ಸಾಮಾನಿಡುವ ಜಾಗದೊಳಗೆ ಹೋಗುವುದಿಲ್ಲ.

ಹೊಸಬರಿಗೆ ಕಾರವಾರದ ಕೊಲ್ಲಿ ಒಳ್ಳೆಯದು, ಸುತ್ತಲಿನ ಗುಡ್ಡಚಾಚುಗಳು ಅಲೆಯ ರಭಸವನ್ನು ತಗ್ಗಿಸುತ್ತವೆ. ನೌಕಾನೆಲೆಯ ನಿಷೇಧಿತ ಪ್ರದೇಶ ಎಲ್ಲಿಂದ ಶುರುವಾಗುತ್ತದೆ ಎಂದು ಸ್ಥಳೀಯ ಮೀನುಗಾರರನ್ನು ಕೇಳಿಯೇ ಹೊರಡಬೇಕು. ಅಘನಾಶಿನಿಯ ಹಿನ್ನೀರು ಇನ್ನೂ ಸುಲಭ, ಆದರೆ ಇಳಿತದ ಹೊತ್ತಿನಲ್ಲಿ ಅಳಿವೆಯ ಹತ್ತಿರ ಸುಳಿಯಬಾರದು. ಹೊರಗೆ ಹರಿಯುವ ನದಿ ಒಳಗೆ ನುಗ್ಗುವ ಅಲೆಗೆ ಎದುರಾಗಿ ನೀರು ಅಲ್ಲೇ ಕುದಿಯತೊಡಗುತ್ತದೆ. ಗಾಳಿಯ ವಿಷಯದಲ್ಲಿ ನಾನು ಬೆಳಗಿನ ನಿಯಮವೊಂದನ್ನು ಮೀರುವುದಿಲ್ಲ. ಚಳಿಗಾಲದ ಮುಂಜಾವಿನಲ್ಲಿ ನೆಲದಿಂದ ಕಡಲಿಗೆ ಮೆಲ್ಲನೆ ಬೀಸುವ ಗಾಳಿ, ನೆಲ ಕಾದ ಮೇಲೆ ನಿಂತು, ಮಧ್ಯಾಹ್ನದ ಹೊತ್ತಿಗೆ ಕಡಲಿನಿಂದ ಜೋರಾಗಿ ಬೀಸತೊಡಗುತ್ತದೆ. ಹತ್ತು ಗಂಟೆಯ ಒಳಗೆ ದಡ ಸೇರುವಂತೆ ಲೆಕ್ಕ ಹಾಕಿದರೆ ಈ ಬದಲಾವಣೆಯ ಕೈಗೆ ಸಿಗುವುದಿಲ್ಲ. ಬೆಳಗಿನ ಗಾಳಿ ಮೆಲುವಾದರೂ ಹೊರಕ್ಕೇ ತಳ್ಳುವುದರಿಂದ, ಗಾಳಕ್ಕೆ ಗಮನ ಕೊಟ್ಟು ಕುಳಿತವರು ಆಗಾಗ ತಲೆಯೆತ್ತಿ ದಡದ ಗುರುತು ನೋಡಿಕೊಳ್ಳಬೇಕು.

ಅಲೆಯ ಎತ್ತರ, ಗಾಳಿ, ಎಚ್ಚರಿಕೆ ಎಲ್ಲವನ್ನೂ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ, ಅಂದರೆ ಇನ್‌ಕಾಯಿಸ್, ಮುನ್ಸೂಚನೆಯಾಗಿ ಕೊಡುತ್ತದೆ. ಆ ಸಂಸ್ಥೆ ಇರುವುದು ಹೈದರಾಬಾದಿನಲ್ಲಿ; ಕಡಲಿನ ಸುದ್ದಿ ಹೇಳುವವರು ಬೀದರಿನವರಿಗೆ ಕಡಲಿಗಿಂತ ಬಹಳ ಹತ್ತಿರದವರು ಎಂಬುದು ನನಗೆ ಯಾವಾಗಲೂ ತಮಾಷೆಯಾಗಿ ಕಾಣುತ್ತದೆ. ಮುನ್ಸೂಚನೆಯಲ್ಲಿ ಎತ್ತರವನ್ನಷ್ಟೇ ನೋಡಬಾರದು, ಎರಡು ಅಲೆಗಳ ನಡುವಿನ ಸೆಕೆಂಡುಗಳನ್ನೂ ನೋಡಬೇಕು. 6 ಸೆಕೆಂಡಿಗೊಮ್ಮೆ ಬರುವ ಒಂದು ಮೀಟರಿನ ಅಲೆಗಿಂತ 14 ಸೆಕೆಂಡಿಗೊಮ್ಮೆ ಬರುವ ಅಷ್ಟೇ ಎತ್ತರದ ಅಲೆ ದಡದಲ್ಲಿ ಎಷ್ಟೋ ಪಾಲು ಬಲವಾಗಿ ಒಡೆಯುತ್ತದೆ. ಫೋನನ್ನು ನೀರು ಹೋಗದ ಚೀಲದಲ್ಲಿ ಹಾಕಿ ಜಾಕೆಟ್ಟಿಗೇ ಕಟ್ಟಿಕೊಂಡು, ಕರಾವಳಿ ಕಾವಲು ಪಡೆಯ 1554 ಮತ್ತು ಕರಾವಳಿ ಪೊಲೀಸರ 1093 ಸಂಖ್ಯೆಗಳನ್ನು ಅದರಲ್ಲಿ ಸೇರಿಸಿಟ್ಟಿದ್ದೇನೆ.

ಗಾಳ ಹಾಕುವ ವೇದಿಕೆಯಾಗಿ ದೋಣಿ ಚೆನ್ನಾಗಿದೆ. ಬೆನ್ನ ಹಿಂದಿನ ಎರಡು ಹೋಲ್ಡರ್‌ಗಳಲ್ಲಿ ಕಡ್ಡಿ ನಿಲ್ಲಿಸಿ, ಕೃತಕ ಮೀನನ್ನು ಹಿಂದೆ ಎಳೆಯುತ್ತ ನಿಧಾನವಾಗಿ ಹುಟ್ಟು ಹಾಕುವುದೇ ಇದರಲ್ಲಿ ಅತ್ಯಂತ ಫಲ ಕೊಡುವ ವಿಧಾನ. ಇಸ್ವಾಣ ಮೀನಿನ ಹಲ್ಲು ಹರಿತವಾದ್ದರಿಂದ ಕೊಂಡಿಯ ಮುಂದೆ ಒಂದು ಗೇಣು ತಂತಿ ಇರಲೇಬೇಕು. ಹಿನ್ನೀರಿನಲ್ಲಿ ಕಾಣೆ ಮೀನಿಗೆ ಸಿಗಡಿಯ ತುಂಡೊಂದಿದ್ದರೆ ಸಾಕು. ಕಡ್ಡಿ, ಇಕ್ಕಳ, ಹುಟ್ಟು ಪ್ರತಿಯೊಂದಕ್ಕೂ ದಾರ ಕಟ್ಟಿರಬೇಕು, ಕಟ್ಟದ್ದು ಸಮುದ್ರದ ಪಾಲು. ಲಂಗರನ್ನು ಮಾತ್ರ ನಾನು ಸಮುದ್ರಕ್ಕೆ ಒಯ್ಯುವುದಿಲ್ಲ: ಪಕ್ಕಕ್ಕೆ ಕಟ್ಟಿದ ಲಂಗರಿನ ಹಗ್ಗ ಹರಿವಿನಲ್ಲಿ ಬಿಗಿದರೆ ದೋಣಿಯನ್ನೇ ಅಡಿಮೇಲು ಮಾಡುತ್ತದೆ.

ಇನ್ನು ಮನೆಯಲ್ಲಿ ಸಾಕುವ ಮಾತು. ಏಪ್ರಿಲ್–ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟುತ್ತದೆ, ಆ ಕಾವಿಗೆ ಪಾಲಿಥಿನ್ ಮೆತ್ತಗಾಗುತ್ತದೆ. ಎರಡು ಕಿರಿದಾದ ಆಧಾರಗಳ ಮೇಲಿಟ್ಟರೆ ಆಧಾರ ತಾಗಿದಲ್ಲಿ ಅಡಿಭಾಗ ಒಳಕ್ಕೆ ತಗ್ಗುತ್ತದೆ. ಕಾರಿನ ಮೇಲೆ ಪಟ್ಟಿ ಬಿಗಿದು ಬಿಸಿಲಲ್ಲಿ ನಿಲ್ಲಿಸಿದರೂ ಅದೇ ಕಥೆ. ಆದ್ದರಿಂದ ದಾರಿಯಲ್ಲಿ ಊಟಕ್ಕೆ ನಿಲ್ಲಿಸಿದಾಗ ಪಟ್ಟಿಗಳನ್ನು ಸಡಿಲಿಸಿ, ಹೊರಡುವಾಗ ಮತ್ತೆ ಬಿಗಿಯುತ್ತೇನೆ. ಸಣ್ಣ ತಗ್ಗುಗಳು, ದೋಣಿಯನ್ನು ಬೋರಲು ಮಲಗಿಸಿ ಒಂದು ಹೊತ್ತು ಬಿಸಿಲು ಕಾಣಿಸಿದರೆ ತಾವಾಗಿ ಮೇಲೆದ್ದು ಬರುತ್ತವೆ. ನಮ್ಮ ಮನೆಯಲ್ಲಿ ಅದು ಜಿನ್ನೆಯ, ಅಂದರೆ ಮೆಟ್ಟಿಲಿನ, ಕೆಳಗಿನ ನೆರಳಿನಲ್ಲಿ, ಅಗಲ ಪಟ್ಟಿಗಳ ಮೇಲೆ ಒಂದು ಮಗ್ಗುಲಾಗಿ ತೂಗಿಕೊಂಡಿರುತ್ತದೆ. ಓಣಿಯ ಹುಡುಗರು "ಕಾಕಾ, ಇದು ನೀರಿಗಿ ಹೋಗೂದು ಯಾವಾಗರೀ?" ಎಂದು ಕೇಳುವುದು ಇನ್ನೂ ನಿಂತಿಲ್ಲ. ಜೇವರ್ಗಿ, ಸಿಂದಗಿ, ವಿಜಯಪುರ, ಹುಬ್ಬಳ್ಳಿ ದಾಟಿ ಅರಬೈಲ್ ಘಾಟ್ ಇಳಿದು ಅಂಕೋಲಾ ಮುಟ್ಟುವುದೆಂದರೆ ಸುಮಾರು 500 ಕಿಲೋಮೀಟರ್. ದೋಣಿಯ ಬೆಲೆಗಿಂತ ಡೀಸೆಲ್ಲಿನ ಲೆಕ್ಕವೇ ಹೆಚ್ಚಾಗುವ ದಿನ ದೂರವಿಲ್ಲ.

ಬಾಳಿಕೆಯ ಬಗ್ಗೆ ಹೇಳುವುದಾದರೆ ಒಡಲು ಗಟ್ಟಿಯಾಗಿದೆ. ಮರಳಿನ ಮೇಲೆ ಎಳೆದು ಹಿಂಬದಿಯ ಅಡಿ ಸವೆದಿದೆ, ಸೀಳಿಲ್ಲ. ಕೆಟ್ಟದ್ದೆಲ್ಲ ಅದಕ್ಕೆ ಜೋಡಿಸಿದ ಬಿಡಿಭಾಗಗಳೇ. ಸ್ಟೀಲ್ ಎಂದು ಕೊಟ್ಟಿದ್ದ ತಿರುಪುಗಳು ಉಪ್ಪುನೀರಿಗೆ ಕಂದು ತಿರುಗಿದವು, ಉಪ್ಪುನೀರನ್ನು ಹೆಚ್ಚು ತಾಳಿಕೊಳ್ಳುವ 316 ದರ್ಜೆಯ ಸ್ಟೀಲಿನವನ್ನು ಹಾಕಿಸಿಕೊಂಡೆ. ಮುಂದಿನ ಮುಚ್ಚಳದ ರಬ್ಬರು ಗಡುಸಾಗಿ ಬಿರುಕು ಬಿಟ್ಟಿತು. ಆಸನದ ಬಕಲ್ ಮುರಿದಾಗ ಮಾರಾಟಗಾರರು ಬದಲಿ ಕಳಿಸುವುದಾಗಿ ಹೇಳಿ ತಿಂಗಳುಗಟ್ಟಲೆ ಸತಾಯಿಸಿದರು. ಕೊನೆಗೆ ಬ್ಯಾಗ್ ಹೊಲಿಯುವವರೊಬ್ಬರು ಅದನ್ನು ಅರ್ಧ ತಾಸಿನಲ್ಲಿ ಸರಿಮಾಡಿಕೊಟ್ಟರು. ಪ್ರತಿ ಸಲ ದಡಕ್ಕೆ ಬಂದೊಡನೆ ಹಿಂತುದಿಯ ಬಿರಡೆ ಬಿಚ್ಚಿ, ಮೂತಿಯನ್ನೆತ್ತಿ, ಒಳಗಿನಿಂದ ಎಷ್ಟು ನೀರು ಬರುತ್ತದೆ ಎಂದು ನೋಡುತ್ತೇನೆ. ಒಂದು ಲೋಟದಷ್ಟು ಬಂದರೆ ಚಿಂತೆಯಿಲ್ಲ. ಅರ್ಧ ಬಕೆಟ್ ಬಂದರೆ ಮುಚ್ಚಳವೋ ತಿರುಪಿನ ತೂತೋ ಸೋರುತ್ತಿದೆ ಎಂದರ್ಥ, ಒಳಗೆ ಅತ್ತಿತ್ತ ಓಡಾಡುವ ಆ ನೀರೇ ದೋಣಿಯನ್ನು ಮಗುಚುತ್ತದೆ. ರೀಲು, ಕಡ್ಡಿ, ತಿರುಪು ಎಲ್ಲಕ್ಕೂ ಅದೇ ದಿನ ಸಿಹಿನೀರಿನ ಸ್ನಾನವಾಗಬೇಕು. ಕಲಬುರಗಿಗೆ ಬಂದು ತೊಳೆಯೋಣ ಎಂದರೆ ಉಪ್ಪು ಅಷ್ಟರಲ್ಲಿ ತನ್ನ ಕೆಲಸ ಮುಗಿಸಿರುತ್ತದೆ.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧ ಯಾಂತ್ರೀಕೃತ ದೋಣಿಗಳಿಗೆ ಸಂಬಂಧಿಸಿದ್ದು, ಹುಟ್ಟು ಹಾಕುವ ನಮಗಲ್ಲ ಎಂದು ವಾದಿಸುವವರನ್ನು ಕಂಡಿದ್ದೇನೆ. ವಾದ ಏನೇ ಇರಲಿ, ಮಳೆಗಾಲದ ಅರಬ್ಬಿ ಸಮುದ್ರಕ್ಕೆ ಈ ದೋಣಿ ತಕ್ಕದ್ದಲ್ಲ, ಯಾವ ಕಯಾಕೂ ಅಲ್ಲ. ನವೆಂಬರಿನಿಂದ ಫೆಬ್ರವರಿವರೆಗೆ ವರ್ಷಕ್ಕೆ ಮೂರು ನಾಲ್ಕು ಸಲವಾದರೂ ಕರಾವಳಿಗೆ ಹೋಗುವ ಅನುಕೂಲವಿದ್ದು, ಉಳಿದ ದಿನಗಳಲ್ಲಿ ಹತ್ತಿರದ ಜಲಾಶಯವೊಂದನ್ನು ಬಳಸಬಲ್ಲವರು ಇದನ್ನು ಕೊಳ್ಳಬಹುದು. ಅಷ್ಟು ಬಿಡುವಿಲ್ಲದವರು ಹೊನ್ನಾವರ, ಕಾರವಾರ ಕಡೆ ಬಾಡಿಗೆಗೆ ಸಿಗುವ ಕಯಾಕ್ ಹಿಡಿದು, ಜಾಕೆಟ್ ಮತ್ತು ಹುಟ್ಟನ್ನು ಮಾತ್ರ ಸ್ವಂತಕ್ಕೆ ಕೊಂಡಿಟ್ಟುಕೊಳ್ಳುವುದು ಮೇಲು.